ಫೋನು, ಸುದ್ದಿ, ಮೂಕಪ್ರಾಣಿ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಮದುವೆ ಮನೆ, ಸ್ಟಾಫ್ ರೂಮು, ಹಳೇ ವಿದ್ಯಾರ್ಥಿಗಳ ಕಾಗದ, ಎಲ್ಲೇ ಆಗಲಿ ಕೆಲವು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಯಾವ ಫೋನ್ ಒಳ್ಳೆಯದು, ಪೇಪರಿನಲ್ಲಿ ಬಂದ ಸುದ್ದಿ ನಿಜವಾ, ಬೀದಿನಾಯಿಗೆ ಯಾಕೆ ಅನ್ನ ಹಾಕುತ್ತೀರಿ. ಕೇಳಿದವರ ಮಾತನ್ನು ಜಾಸ್ತಿ ತಿದ್ದದೆ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ನನಗೂ ಕಷ್ಟವಾದವು ಕೊನೆಗೆ.

## ಮೊದಲ ಮಾತು

ಫೋನು, ವಿಜ್ಞಾನ, ನಾಯಿ-ಬೆಕ್ಕು... ಈ ಮೂರಕ್ಕೂ ಏನು ಸಂಬಂಧ ಮೇಡಂ?

ನನಗೆ ಈ ಸಂಬಂಧ ಕಂಡದ್ದು ರಾಮನಗರದಲ್ಲಿ. ಅಲ್ಲಿನ ರಾಮದೇವರ ಬೆಟ್ಟದ ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಘೋಷಿಸಿದರು. ನಾನು ಹೋದ ದಿನ ಎರಡು ಗಂಟೆ ಕಾದೆ. ಕಂಡದ್ದು ಒಂದೇ ಒಂದು ಹಕ್ಕಿ. ನಮ್ಮಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ಸತ್ತ ದನವನ್ನು ಊರಾಚೆ ಹಾಕಿದರೆ ಹದ್ದುಗಳ ಹಿಂಡೇ ಇಳಿಯುತ್ತಿತ್ತಂತೆ. ಸಂಜೆ ಹೊತ್ತಿಗೆ ಮೂಳೆ ಮಾತ್ರ ಉಳಿಯುತ್ತಿತ್ತಂತೆ.

ಅಷ್ಟೂ ಹದ್ದುಗಳು ಎಲ್ಲಿ ಹೋದವು? ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಅಗ್ಗದ ಔಷಧಿ ಅವನ್ನು ಕೊಂದಿತು. ಔಷಧಿ ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟುಹೋಗುತ್ತಿತ್ತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರ ಒಳಗೆ ಶೇಕಡಾ 99.9ರಷ್ಟು ಕಡಿಮೆಯಾದವು. ಅಂದರೆ ಸಾವಿರ ಹದ್ದು ಇದ್ದ ಕಡೆ ಒಂದು ಉಳಿಯಿತು. ಏನೋ ಹೊಸ ರೋಗ ಬಂದಿದೆ ಎಂದು ಎಲ್ಲರೂ ಹುಡುಕುತ್ತಿದ್ದರು. ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದವರು ಔಷಧಿಯ ಕಡೆ ಬೊಟ್ಟು ಮಾಡಿದ್ದು 2004ರಲ್ಲಿ. ನಮ್ಮ ಸರ್ಕಾರ 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧಿಯಿಂದ ಹದ್ದಿಗೆ ತೊಂದರೆ ಇಲ್ಲ. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದವು. ಹಾಗಾಗಿ ಆ ಇಂಜೆಕ್ಷನ್ ಬಾಟಲಿ 3 ಮಿಲಿಲೀಟರಿಗಿಂತ ದೊಡ್ಡದಿರಬಾರದು ಎಂದು 2015ರಲ್ಲಿ ನಿಯಮ ಬಂತು.

ಅಂಗಡಿಯಿಂದ ತಂದ ಒಂದು ವಸ್ತು. ಅದು ಮಾಡಿದ ಅನಾಹುತವನ್ನು ಪತ್ತೆ ಹಚ್ಚಿದ ವಿಜ್ಞಾನ. ಪ್ರಾಣ ಕೊಟ್ಟ ಹಕ್ಕಿ. ಅವತ್ತಿನಿಂದ ಏನನ್ನಾದರೂ ಕೊಳ್ಳುವಾಗ, ಏನನ್ನಾದರೂ ನಂಬುವಾಗ ನನಗೆ ಬರುವ ಪ್ರಶ್ನೆ ಒಂದೇ. ಇದರ ಬೆಲೆಯನ್ನು ನಿಜವಾಗಿ ಯಾರು ಕೊಡುತ್ತಿದ್ದಾರೆ?

ಎಲೆಕ್ಟ್ರಾನಿಕ್ಸ್ ಮೇಡಂ ಆಗಿ ಇನ್ನೂ ಅದೇ ಹಳೇ ಫೋನಾ?

ಹೌದು, ಏಳು ವರ್ಷವಾಯಿತು. ಒಂದು ಸಲ ಬ್ಯಾಟರಿ ಬದಲಾಯಿಸಿದೆ, ಒಂದು ಸಲ ಚಾರ್ಜಿಂಗ್ ಪಿನ್ ಹಾಕಿಸಿದೆ. ಸರ್ವಿಸ್ ಸೆಂಟರಿನಲ್ಲಿ "ಇದಕ್ಕೆ ಪಾರ್ಟ್ಸ್ ಬರಲ್ಲ, ಹೊಸದು ತಗೊಳ್ಳಿ" ಎಂದು ಕಳಿಸಿದ್ದರು. ನಮ್ಮ ಮಾರ್ಕೆಟ್ ಹತ್ತಿರದ ಸಣ್ಣ ಅಂಗಡಿಯ ಹುಡುಗ ಮುಕ್ಕಾಲು ಗಂಟೆಯಲ್ಲಿ ಸರಿಮಾಡಿಕೊಟ್ಟ. ಅವನು ನನ್ನ ವಿದ್ಯಾರ್ಥಿಯೂ ಅಲ್ಲ. ಕೈಯಲ್ಲೇ ಕಲಿತವನು.

ಫೋನಿನ ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಆಫ್ರಿಕಾದ ಕಾಂಗೋದಿಂದ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ. ಅಷ್ಟು ದೂರದಿಂದ, ಅಷ್ಟು ಕಷ್ಟದಿಂದ ಬಂದದ್ದನ್ನು ಎರಡು ವರ್ಷಕ್ಕೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಹೊಸ ಮಾಡೆಲ್ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು. ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯ ಶುರು. ಆದರೆ ಬಿಡಿಭಾಗ ಕೊಡಲೇಬೇಕು ಎಂಬ ಕಾನೂನು ಬೇಕು. ಇಲ್ಲದಿದ್ದರೆ ಆ ಹುಡುಗನಂಥವರು ಎಷ್ಟು ದಿನ ಹಳೇ ಫೋನುಗಳಿಂದ ಬಿಚ್ಚಿದ ಪಾರ್ಟ್ಸ್ ಹುಡುಕಿಕೊಂಡು ಅಲೆಯಬೇಕು?

ಯಾವ ಫೋನ್ ತಗೋಬೇಕು, ಒಂದೇ ಮಾತಲ್ಲಿ ಹೇಳಿ ಅಕ್ಕ

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಬರೆದು ಹೇಳುವ, ನಿಮ್ಮೂರಿನಲ್ಲಿ ಬಿಚ್ಚಿ ಸರಿಮಾಡುವವರು ಇರುವ ಫೋನು. ಮೆಗಾಪಿಕ್ಸೆಲ್ ಲೆಕ್ಕ ಆಮೇಲೆ ನೋಡಿ.

ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ್ರೆ ಬ್ಯಾಟರಿ ಹಾಳಾಗುತ್ತಾ?

ತುಂಬಿದ ಮೇಲೆ ಫೋನೇ ಕರೆಂಟು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಆ ಭಯ ಬೇಡ. ಬ್ಯಾಟರಿಯ ನಿಜವಾದ ಶತ್ರು ಬಿಸಿ. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬೇಡಿ, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಸಾಧ್ಯವಾದಾಗ 20ಕ್ಕಿಂತ ಕೆಳಗೆ ಇಳಿಯದಂತೆ, 80ರ ಸುತ್ತ ನಿಲ್ಲುವಂತೆ ನೋಡಿಕೊಂಡರೆ ಇನ್ನೂ ಬಾಳಿಕೆ ಬರುತ್ತದೆ.

## ಸುದ್ದಿ ನಂಬೋದು ಹೇಗೆ

ಮೊಬೈಲ್ ಟವರ್ ಬಂದ್ಮೇಲೆ ಗುಬ್ಬಚ್ಚಿ ಎಲ್ಲಾ ಸತ್ತೋದ್ವು ಅಂತಾರೆ, ನಿಜಾನಾ?

ಇದನ್ನು ಕೇಳುವವರ ಕಣ್ಣಲ್ಲಿ ಗುಬ್ಬಿಯ ಮೇಲಿನ ಪ್ರೀತಿ ಕಾಣುತ್ತದೆ. ಹಾಗಾಗಿ ಯಾವತ್ತೂ ಬೇಗ ಉತ್ತರಿಸುವುದಿಲ್ಲ.

ಮೊದಲು ಲೆಕ್ಕ ನೋಡೋಣ. ದೇಶದ ಉದ್ದಗಲಕ್ಕೂ ಪಕ್ಷಿವೀಕ್ಷಕರು ಬರೆದಿಟ್ಟ ಪಟ್ಟಿಗಳಿಂದ 2020ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬಂತು. ಅದರ ಪ್ರಕಾರ ಇಡೀ ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಸುಮಾರಾಗಿ ಹಾಗೇ ಇದೆ. ಕಡಿಮೆಯಾದದ್ದು ದೊಡ್ಡ ನಗರಗಳಲ್ಲಿ. ಈಗ ಹಳ್ಳಿಗಳಲ್ಲೂ ಟವರ್ ಇದೆ, ಅಲ್ವಾ? ಟವರೇ ಕಾರಣವಾಗಿದ್ದರೆ ಅಲ್ಲಿಯೂ ಗುಬ್ಬಿ ಹೋಗಬೇಕಿತ್ತು.

ನಗರದಲ್ಲಿ ಏನು ಬದಲಾಯಿತು ನೋಡಿ. ನಾನು ಹುಟ್ಟಿದ ಮನೆ ಹೆಂಚಿನದು. ಸೂರಿನ ಸಂದಿಯಲ್ಲಿ, ದೇವರ ಫೋಟೋ ಹಿಂದೆ ಗುಬ್ಬಿ ಗೂಡು ಇರುತ್ತಿತ್ತು. ಅಮ್ಮ ಮೊರ ಹಿಡಿದು ಅಕ್ಕಿ ಹಸನು ಮಾಡುವಾಗ ನುಚ್ಚು ಬೀಳುತ್ತಿತ್ತು. ಈಗ ಗೋಡೆಯಲ್ಲಿ ಸಂದಿ ಇಲ್ಲ, ಕಿಟಕಿಗೆ ಗಾಜು, ಅಕ್ಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಇನ್ನೊಂದು ಕಾರಣ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಆದರೆ ಮರಿಗೆ ಹುಳುವೇ ಬೇಕು. ಅಂಗಳಕ್ಕೆಲ್ಲ ಟೈಲ್ಸ್ ಹಾಕಿ, ಇದ್ದ ನಾಲ್ಕು ಗಿಡಕ್ಕೂ ಔಷಧಿ ಹೊಡೆದರೆ ತಾಯಿಗುಬ್ಬಿ ಹುಳ ಎಲ್ಲಿಂದ ತರಬೇಕು?

ಇಂಥದ್ದೇ ಇನ್ನೊಂದು ಸುದ್ದಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ್ದು. 2018ರ ಕೊನೆಯಲ್ಲಿ ಅಲ್ಲಿನ ಒಂದು ಪಾರ್ಕಿನಲ್ಲಿ ಮುನ್ನೂರಕ್ಕೂ ಜಾಸ್ತಿ ಹಕ್ಕಿಗಳು ಸತ್ತು ಬಿದ್ದವು. 5ಜಿ ಪರೀಕ್ಷೆಯಿಂದ ಸತ್ತವು ಎಂಬ ಸಂದೇಶ ಜಗತ್ತೆಲ್ಲ ಸುತ್ತಿ ನಮ್ಮ ಮನೆಯ ಗ್ರೂಪಿಗೂ ಬಂತು. ಆ ನಗರದಲ್ಲಿ 5ಜಿ ಪರೀಕ್ಷೆ ನಡೆದದ್ದು ತಿಂಗಳುಗಳ ಹಿಂದೆ, ಬೇರೆ ಜಾಗದಲ್ಲಿ.

ಟವರಿನ ತರಂಗಗಳಿಗೆ ಮಿತಿ ಬೇಡ ಎಂದು ನಾನು ಹೇಳುತ್ತಿಲ್ಲ. ಮಿತಿ ಇರಲೇಬೇಕು, ಇದೆ ಕೂಡ. 2012ರಿಂದ ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು. ನನ್ನ ಸಂಕಟ ಬೇರೆ. ಟವರನ್ನು ಬೈದರೆ ನಾವು ಏನೂ ಬದಲಾಯಿಸಬೇಕಾಗಿಲ್ಲ. ಅಂಗಳದ ಔಷಧಿ ಹಾಗೇ ಮುಂದುವರಿಯುತ್ತದೆ.

ಒಂದಿನ ಕಾಫಿ ಒಳ್ಳೇದು ಅಂತಾರೆ, ಇನ್ನೊಂದಿನ ಕೆಟ್ಟದ್ದು ಅಂತಾರೆ. ಈ ವಿಜ್ಞಾನಿಗಳನ್ನ ಯಾಕೆ ನಂಬ್ಬೇಕು?

ಕಾಫಿಯನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯನ್ನು ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ ಸೇರಿಸಿತು. 2016ರಲ್ಲಿ ಅದೇ ಸಂಸ್ಥೆ ಕಾಫಿಯನ್ನು ಆ ಗುಂಪಿನಿಂದ ತೆಗೆಯಿತು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಜಾಸ್ತಿ ಇದ್ದರೆ, ಯಾವುದರಿಂದ ಏನಾಯಿತು ಎಂದು ಬಿಡಿಸುವುದು ಕಷ್ಟ. ಹೆಚ್ಚು ಜನರನ್ನು, ಹೆಚ್ಚು ವರ್ಷ ನೋಡಿದ ಮೇಲೆ ಚಿತ್ರ ತಿಳಿಯಾಯಿತು. ಅದೇ ಸಲ ಇನ್ನೊಂದು ಮಾತೂ ಹೇಳಿದರು. 65 ಡಿಗ್ರಿಗಿಂತ ಬಿಸಿ ಇರುವ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ. ಹಬೆಯಾಡುವ ಲೋಟವನ್ನು ಹಾಗೇ ಎತ್ತಿ ಕುಡಿಯುವ ನಮ್ಮ ಮನೆ ಯಜಮಾನರಿಗೆ ಇದನ್ನು ಓದಿ ಹೇಳಿದೆ.

ತಪ್ಪಾಗಿದೆ ಎಂದು ತಾನೇ ಒಪ್ಪಿಕೊಂಡು ತಿದ್ದುವವರನ್ನು ನಾನು ಹೆಚ್ಚು ನಂಬುತ್ತೇನೆ.

ಸುದ್ದಿ ಓದುವಾಗ ನಾನು ನೋಡುವುದು ಕೆಲವೇ ವಿಷಯ. ಪ್ರಯೋಗ ನಡೆದದ್ದು ಯಾರ ಮೇಲೆ? ಇಲಿಯ ಮೇಲೆ ಆಗಿದ್ದರೆ ಅದು ಇಲಿಯ ಸುದ್ದಿ, ನಮ್ಮದಾಗಲು ಇನ್ನೂ ವರ್ಷಗಳು ಬೇಕು. ದುಡ್ಡು ಕೊಟ್ಟವರು ಯಾರು? ಮತ್ತೆ, ಶೇಕಡಾ ಇಷ್ಟು ಜಾಸ್ತಿ ಎಂದರೆ ಎಷ್ಟರಿಂದ ಎಷ್ಟಕ್ಕೆ? ಉಪ್ಪು ಹಾಕಿ, ಹೊಗೆಯಲ್ಲಿಟ್ಟು ಕಾಪಿಟ್ಟ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರ್ ಅಪಾಯ ಶೇಕಡಾ 18 ಹೆಚ್ಚುತ್ತದೆ ಎಂದು 2015ರಲ್ಲಿ ಅದೇ ಸಂಸ್ಥೆ ಹೇಳಿತು. ಕೇಳಿದರೆ ಎದೆ ಝಲ್ ಎನ್ನುತ್ತದೆ. ನೂರರಲ್ಲಿ ಐದು ಜನಕ್ಕೆ ಬರುವ ಕಾಯಿಲೆ ಎಂದು ಇಟ್ಟುಕೊಳ್ಳಿ. 18ರಷ್ಟು ಹೆಚ್ಚಿದರೆ ಅದು ಆರರ ಹತ್ತಿರ ಬರುತ್ತದೆ. ಎಚ್ಚರ ಬೇಕು, ಗಾಬರಿ ಬೇಡ.

ಹತ್ತು ಸಾವಿರ ವರ್ಷದ ಹಿಂದೆ ಅಳಿದುಹೋದ ತೋಳ ವಾಪಸ್ ಬಂತಂತೆ?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊಸಲ್ ಎಂಬ ಕಂಪನಿ ಅಳಿದುಹೋದ ಆ ತೋಳದ, ಅಂದರೆ ಡೈರ್ ವುಲ್ಫ್‌ನ, ಮರಿಗಳು ಹುಟ್ಟಿವೆ ಎಂದು ಸಾರಿತು. ನಿಜವಾಗಿ ಮಾಡಿದ್ದು ಏನೆಂದರೆ, ಈಗ ಇರುವ ಬೂದು ತೋಳದ 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ಭ್ರೂಣವನ್ನು ಸಾಕುನಾಯಿಗಳ ಹೊಟ್ಟೆಯಲ್ಲಿ ಬೆಳೆಸಿದರು. ತಿದ್ದಿದ ಕೈಚಳಕ ದೊಡ್ಡದೇ. ಆದರೆ ಅದು ತಿದ್ದಿದ ಬೂದು ತೋಳ.

ನನಗೆ ಆ ಮರಿಗಳ ಬಗ್ಗೆ ಯೋಚನೆ. ಬೇಟೆ ಕಲಿಸಲು ತಾಯಿ ತೋಳ ಇಲ್ಲ, ಸೇರಲು ಹಿಂಡು ಇಲ್ಲ. ನಮ್ಮಲ್ಲೇ ಬದುಕಿರುವ ತೋಳಗಳಿವೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಅವಕ್ಕೆ ಒಂದು ಧಾಮವೇ ಇದೆ. ಕುರುಚಲು ಬಯಲನ್ನು ಬಂಜರು ಎಂದು ಕರೆದು ಬೇರೆ ಕೆಲಸಕ್ಕೆ ಕೊಡುವುದನ್ನು ನಿಲ್ಲಿಸಿದರೆ, ತೋಳ ಕುರಿ ಹಿಡಿದಾಗ ಕುರಿಗಾಹಿಗೆ ತಡಮಾಡದೆ ಪರಿಹಾರ ಕೊಟ್ಟರೆ, ಅವು ಜೀನ್ ತಿದ್ದದೆಯೇ ಉಳಿಯುತ್ತವೆ.

ಮುದ್ದಾದ ಪ್ರಾಣಿ ವಿಡಿಯೋ ನೋಡಿ ಖುಷಿಪಟ್ರೆ ತಪ್ಪೇನು ಆಂಟಿ?

ಖುಷಿಪಡುವುದು ತಪ್ಪಲ್ಲ ಕಂದ. ಆದರೆ ಲೋರಿಸ್ ಎಂಬ ದೊಡ್ಡ ಕಣ್ಣಿನ ಪ್ರಾಣಿಗೆ ಕಚಗುಳಿ ಇಡುವ ವಿಡಿಯೋ ನೆನಪಿದೆಯಾ? ಅದು ಎರಡೂ ಕೈ ಮೇಲೆತ್ತುತ್ತದೆ. ಮಜಾ ಮಾಡುತ್ತಿದೆ ಎಂದುಕೊಂಡು ಜಗತ್ತೇ ನಕ್ಕಿತು. ಅದಕ್ಕೆ ತೋಳಿನ ಹತ್ತಿರ ವಿಷ ಸ್ರವಿಸುವ ಗ್ರಂಥಿ ಇದೆ. ಹೆದರಿದಾಗ ಕೈ ಎತ್ತಿ ಆ ವಿಷವನ್ನು ಬಾಯಿಗೆ ತೆಗೆದುಕೊಳ್ಳಲು ನೋಡುತ್ತದೆ. ನಾವು ನೋಡಿ ನಕ್ಕಿದ್ದು ಹೆದರಿದ ಪ್ರಾಣಿಯನ್ನು. ಅದರ ನೆಂಟ ನಮ್ಮ ಕಾಡುಪಾಪ ತುಮಕೂರು ಕಡೆ, ಬೆಂಗಳೂರಿನ ಕೆಲವು ಹಳೇ ತೋಪುಗಳಲ್ಲಿ ಇನ್ನೂ ಇದೆ. ಮಾಟ-ಮಂತ್ರದ ಹೆಸರಿನಲ್ಲಿ ಅದನ್ನು ಹಿಡಿಯುತ್ತಾರೆ.

ಇನ್ನೊಂದು ಬೇಡಿಕೆ ಮಣ್ಣುಮುಕ್ಕ ಹಾವಿನದು, ಎರಡು ತಲೆ ಹಾವು ಎನ್ನುತ್ತಾರಲ್ಲ, ಅದೇ. ಅದಕ್ಕಿರುವುದು ಒಂದೇ ತಲೆ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಎಂಬ ಮಾತು ನಂಬಿ ಜನ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ, ಹಾವು ಗೋಣಿಚೀಲದಲ್ಲಿ ಸತ್ತಿದೆ. ಇಂಥ ವಿಡಿಯೋ ಬಂದರೆ ಫಾರ್ವರ್ಡ್ ಮಾಡಬೇಡ. ಕರ್ನಾಟಕದ ಅರಣ್ಯ ಸಹಾಯವಾಣಿ 1926ಕ್ಕೆ ಹೇಳು.

## ಬೀದಿ, ಮನೆ, ಊಟದ ತಟ್ಟೆ

ನಾಯಿ ಕಚ್ಚಿಸಿಕೊಂಡವರ ನೋವು ನಿಮ್ಗೇನು ಗೊತ್ತು? ಸುಮ್ನೆ ಅನ್ನ ಹಾಕ್ತೀರಿ

ಗೊತ್ತು. ನನ್ನ ತಮ್ಮನ ಮಗಳಿಗೆ ಒಂಬತ್ತು ವರ್ಷವಿದ್ದಾಗ ಟ್ಯೂಷನ್‌ನಿಂದ ಬರುತ್ತಾ ಮೀನಖಂಡಕ್ಕೆ ಕಚ್ಚಿತು. ಆಟೋದಲ್ಲಿ ಅವಳ ಕಾಲು ನನ್ನ ತೊಡೆ ಮೇಲೆ ಇತ್ತು. "ಅತ್ತೆ, ನಾನು ಸತ್ತೋಗ್ತೀನಾ" ಎಂದು ಕೇಳಿದಳು. ಆ ಮಾತನ್ನು ನಾನು ಮರೆತಿಲ್ಲ. ಹಾಗಾಗಿ ನಾಯಿಗೆ ಕನಿಕರ ತೋರಿ ಎನ್ನುವ ಮೊದಲು ಈ ವಿಷಯ ಹೇಳುತ್ತೇನೆ.

ಕಚ್ಚಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಹಾಕುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬುದು ಹಳೇ ಕಾಲದ ಮಾತು. ರಕ್ತ ಬರುವ ಹಾಗೆ ಕಚ್ಚಿದ್ದರೆ ಗಾಯಕ್ಕೇ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಔಷಧಿಯೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಮೊದಲೇ ಹೋದರೆ ಪೂರ್ತಿ ತಡೆಯಬಹುದು. ನಮ್ಮ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ.

ಇನ್ನು ನಾಯಿಗಳ ವಿಷಯ. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರ ಎಣಿಕೆಯಲ್ಲಿ 2.79 ಲಕ್ಷ. ಅವುಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಕ್ಕೆ ಸಂತಾನಹರಣ ಆಗಿತ್ತು. ನಿಧಾನ, ಆದರೆ ದಾರಿ ಸರಿಯಾಗಿದೆ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. "ಯಾಕೆ ಅಲ್ಲಿಗೇ?" ಎಂದು ಎಲ್ಲರೂ ಕೇಳುತ್ತಾರೆ. ಒಂದು ಬೀದಿ ಖಾಲಿ ಮಾಡಿದರೆ, ಅಲ್ಲಿನ ಕಸದ ರಾಶಿಗೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ. ಅವಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಯಾರಿಗೆ ಗೊತ್ತು. ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ಹೇಳಿತು, 22ರಂದು ಅದನ್ನು ಬದಲಿಸಿತು. ಲಸಿಕೆ ಹಾಕಿ ವಾಪಸ್ ಬಿಡಿ, ರೇಬಿಸ್ ಇರುವ, ಕೆರಳಿ ಮೇಲೆ ಬೀಳುವ ನಾಯಿಗಳನ್ನು ಬಿಡಬೇಡಿ, ಊಟ ಹಾಕಲು ಜಾಗ ಗುರುತಿಸಿ ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ತೆಗೆಯಲು ಹೇಳಿತು. ಶಾಲೆ ಬಾಗಿಲಲ್ಲಿ ಮಕ್ಕಳು ಹೆದರದೆ ನಡೆಯಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ತೆಗೆದ ನಾಯಿಗಳನ್ನು ಎಲ್ಲಿ, ಹೇಗೆ ಇಡುತ್ತಾರೆ ಎಂಬುದೇ ನನ್ನ ಚಿಂತೆ.

ನಾನು ಅನ್ನ ಹಾಕುವುದು ಬೆಳಿಗ್ಗೆ ಐದೂವರೆಗೆ, ಖಾಲಿ ಸೈಟಿನ ಮೂಲೆಯಲ್ಲಿ. ಹಾಕುವ ಆರು ನಾಯಿಗೂ ಕಿವಿ ತುದಿಯಲ್ಲಿ ಆಪರೇಷನ್ ಗುರುತು ಇದೆ. ಆ ಗುರುತು ಮಾಡಿಸದೆ ಊಟ ಮಾತ್ರ ಹಾಕುವವರ ಮೇಲೆ ನನಗೂ ಬೇಸರವಿದೆ.

ನಾಯಿ ಓಡಿಸೋ ಅಲ್ಟ್ರಾಸೌಂಡ್ ಮಿಷನ್, ಬೊಗಳಿದ್ರೆ ಶಾಕ್ ಕೊಡೋ ಪಟ್ಟಿ... ತಗೋಬಹುದಾ?

ಬೇಡ. ನಮಗೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ನಾಯಿಗೆ ಸುಮಾರು 45,000ದವರೆಗೆ. ನಮಗೆ ಮೌನವಾಗಿ ಕಾಣುವ ಮಿಷನ್ ಅದಕ್ಕೆ ಕಿರುಚುತ್ತಿರುತ್ತದೆ. ಮರಿ ಹಾಕಿದ ತಾಯಿ ಆ ಜಾಗ ಬಿಟ್ಟು ಹೋಗಲೂ ಆಗುವುದಿಲ್ಲ. ಉಳಿದವು ಕೆಲವು ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತವೆ, ನಿಮ್ಮ ದುಡ್ಡು ಹೋಯಿತು. ಶಾಕ್ ಪಟ್ಟಿಯನ್ನು ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಲ್ಲೇ ನಿಷೇಧಿಸಿದ್ದಾರೆ. ನಾಯಿ ಬೊಗಳುವುದು ಏನೋ ಹೇಳಲು. ಯಾಕೆ ಬೊಗಳುತ್ತಿದೆ ಎಂದು ಒಂದು ವಾರ ಬರೆದಿಡಿ, ಮದ್ದು ಅಲ್ಲೇ ಸಿಗುತ್ತದೆ.

ತಪ್ಪಿಸಿಕೊಂಡರೆ ಹುಡುಕಲು ಕುತ್ತಿಗೆಗೆ ಜಿಪಿಎಸ್ ಟ್ಯಾಗ್ ಹಾಕುವುದಾದರೆ ಧಾರಾಳವಾಗಿ ಹಾಕಿ.

ಪ್ರಾಣಿ ದಯೆ ಅಂತೀರಲ್ಲ, ನೀವು ಮಾಂಸ ತಿಂತೀರಾ?

ತಿಂದು ಬೆಳೆದವಳು. ನಮ್ಮೂರು ಮಳವಳ್ಳಿ ಕಡೆ. ಹಬ್ಬದ ಮಾರನೆಯ ದಿನ ಮುದ್ದೆ, ಬನ್ನೂರು ಕುರಿ ಸಾರು ಇಲ್ಲದೆ ನೆಂಟರು ಎದ್ದು ಹೋಗುತ್ತಿರಲಿಲ್ಲ. ಈಗ ಕಡಿಮೆ ಮಾಡಿದ್ದೇನೆ, ಪೂರ್ತಿ ಬಿಟ್ಟಿಲ್ಲ. ಊಟದ ಮೇಲೆ ಮನುಷ್ಯರನ್ನು ಮೇಲು ಕೀಳು ಮಾಡುವ ಚಾಳಿ ನಮ್ಮಲ್ಲಿ ಬಹಳ ಹಳೆಯದು. ಪ್ರಾಣಿಯ ಹೆಸರು ಹೇಳಿ ಅದನ್ನು ಮುಂದುವರಿಸುವುದಕ್ಕೆ ನಾನು ಸೇರುವುದಿಲ್ಲ. ಹಾಲು ಕುಡಿಯುವವರ ಮನೆಯ ಗಂಡುಕರು ಎಲ್ಲಿಗೆ ಹೋಯಿತು ಎಂದೂ ಕೇಳಬೇಕಲ್ಲ.

ನಾನು ಬಿಟ್ಟದ್ದು ಪಂಜರದ ಕೋಳಿಯ ಮೊಟ್ಟೆ. ಒಂದು ಮೊಟ್ಟೆಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಚಿಕ್ಕದು. ಅದು ರೆಕ್ಕೆ ಬಿಚ್ಚಲಾರದು, ಮಣ್ಣು ಕೆದಕಲಾರದು. ಕೆದಕುವುದೇ ಕೋಳಿಯ ಬದುಕು. ಮೊಟ್ಟೆ ತಳಿಯಲ್ಲಿ ಹುಟ್ಟಿದ ಗಂಡುಮರಿಗಳನ್ನು ಬೇಡ ಎಂದು ಮೊದಲ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿತು. ಮೊಟ್ಟೆಯೊಳಗೇ ಗಂಡೋ ಹೆಣ್ಣೋ ಎಂದು ಗುರುತಿಸುವ ಯಂತ್ರಗಳು ಬಂದಿವೆ. ಹೊಸ ಫೋನಿಗಿಂತ ಇಂಥ ಯಂತ್ರದ ಸುದ್ದಿ ಓದಿದಾಗ ನನಗೆ ಖುಷಿಯಾಗುತ್ತದೆ. ಊರಿನಿಂದ ನಾಟಿ ಮೊಟ್ಟೆ ತರಿಸುತ್ತೇನೆ. ದುಬಾರಿ, ಹಾಗಾಗಿ ತಿನ್ನುವುದೂ ಕಡಿಮೆಯಾಗಿದೆ. ಎಲ್ಲರ ಕೈಗೂ ಎಟಕುವುದಿಲ್ಲ ಎಂಬುದು ಗೊತ್ತು. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಮೊಟ್ಟೆಯನ್ನು ಯಾರೂ ಕಸಿಯಬಾರದು.

## ಉತ್ತರ ಸುಲಭವಿಲ್ಲದವು

ಪ್ರಾಣಿಗಳ ಮೇಲೆ ಪ್ರಯೋಗ ಬೇಡ ಅಂದ್ರೆ, ಹಾವು ಕಚ್ಚಿದಾಗ ಏನ್ಮಾಡ್ತೀರಿ?

ಈ ಪ್ರಶ್ನೆ ಕೇಳಿದವನು ನನ್ನ ವಿದ್ಯಾರ್ಥಿ. ಅವನ ಅಪ್ಪನನ್ನು ಗದ್ದೆ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತ್ತು, ಪ್ರತಿವಿಷ ಕೊಟ್ಟು ಉಳಿಸಿದರು. ಅವನ ಎದುರು ಸುಳ್ಳು ಹೇಳಲಾರೆ. ಪ್ರತಿವಿಷ ಬೇಕು.

ಅದು ತಯಾರಾಗುವ ಬಗೆ ಹೀಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ತೆಗೆದು ಕೊಡುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳೇ ನಮ್ಮ ಔಷಧಿ. ನೂರು ವರ್ಷಕ್ಕೂ ಹಳೆಯ ವಿಧಾನ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬುದು 2020ರ ಅಂದಾಜು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಈಗಲಾದರೂ ಲೆಕ್ಕ ಸರಿಯಾಗಿ ಸಿಗುತ್ತದೆ.

ಅದೇ 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ (ಐಐಎಸ್‌ಸಿ) ಸೇರಿದ ತಂಡ ಕುದುರೆಯೇ ಬೇಡದ, ಪ್ರಯೋಗಾಲಯದಲ್ಲಿ ಮಾಡಿದ ಮನುಷ್ಯ ಪ್ರತಿಕಾಯವೊಂದನ್ನು ಪ್ರಕಟಿಸಿತು. ನಾಗರ, ಕಟ್ಟುಹಾವಿನ ಜಾತಿಗಳಲ್ಲಿರುವ ಒಂದು ಮುಖ್ಯ ಬಗೆಯ ವಿಷವನ್ನು ಅದು ತಡೆಯಿತು. ಪರೀಕ್ಷೆ ಮಾಡಿದ್ದು ಇಲಿಗಳ ಮೇಲೆ. ಅಂದರೆ ಕುದುರೆಯನ್ನು ಬಿಡಿಸಲು ಹೊರಟ ದಾರಿಯೂ ಇಲಿಯ ಮೇಲೇ ಹಾದು ಹೋಯಿತು. ಇದು ನನಗೆ ನೋವು ಕೊಡುತ್ತದೆ. ಆದರೂ ಆ ಕೆಲಸ ಆಗಲೇಬೇಕಿತ್ತು ಎನ್ನುತ್ತೇನೆ.

ಬದಲಿ ಸಿಕ್ಕ ಮೇಲೂ ಹಳೆಯದಕ್ಕೇ ಅಂಟಿಕೊಳ್ಳುವುದನ್ನು ಮಾತ್ರ ಒಪ್ಪಲಾರೆ. ಇಂಜೆಕ್ಷನ್ ಔಷಧಿಯಲ್ಲಿ ಬ್ಯಾಕ್ಟೀರಿಯಾದ ನಂಜು ಇದೆಯಾ ಎಂದು ನೋಡಲು ಹಿಂದೆ ಮೊಲಗಳಿಗೆ ಚುಚ್ಚಿ ಜ್ವರ ಬರುತ್ತದಾ ಎಂದು ಕಾಯುತ್ತಿದ್ದರು. ಆಮೇಲೆ ಕುದುರೆಲಾಳದ ಏಡಿಯ ನೀಲಿ ರಕ್ತ ಬಂತು. ನಂಜು ತಾಗಿದರೆ ಅದು ಹೆಪ್ಪುಗಟ್ಟುತ್ತದೆ. ರಕ್ತ ತೆಗೆದು ಸಮುದ್ರಕ್ಕೆ ಬಿಟ್ಟ ಏಡಿಗಳಲ್ಲಿ ಎಷ್ಟೋ ಸಾಯುತ್ತವೆ. ಏಡಿ ಇಲ್ಲದೆ ಅದೇ ಕೆಲಸ ಮಾಡುವ ವಸ್ತುವನ್ನು ಸಿಂಗಾಪುರದವರು 1990ರ ದಶಕದಲ್ಲೇ ಮಾಡಿದ್ದರು. ಅಮೆರಿಕದ ಔಷಧಿ ಗುಣಮಟ್ಟದ ಪುಸ್ತಕಕ್ಕೆ ಅದು ಸೇರಿದ್ದು 2025ರ ಮೇ ತಿಂಗಳಲ್ಲಿ. ನಡುವೆ ಹೋದ ವರ್ಷಗಳ ಬೆಲೆ ಏಡಿಗಳು ಕೊಟ್ಟವು. ಲಿಪ್‌ಸ್ಟಿಕ್, ಶಾಂಪೂವಿಗೆ ಪ್ರಾಣಿ ಪರೀಕ್ಷೆ ಮಾಡುವುದನ್ನು ಭಾರತ 2014ರಲ್ಲಿ ನಿಲ್ಲಿಸಿತು. ಅದರಿಂದ ಯಾರ ಮುಖದ ಕಳೆಯೂ ಕುಂದಲಿಲ್ಲ.

ಕಾಡುಪ್ರಾಣಿಗೆ ರೇಡಿಯೋ ಕಾಲರ್ ಹಾಕೋದು ಹಿಂಸೆ ಅಲ್ವಾ?

ರೇಡಿಯೋ ಕಾಲರ್ ಎಂದರೆ ಪ್ರಾಣಿ ಎಲ್ಲಿದೆ ಎಂದು ದೂರದಿಂದಲೇ ತಿಳಿಸುವ ಕುತ್ತಿಗೆ ಪಟ್ಟಿ. ಅದು ಹಿಂಸೆಯೋ ಅಲ್ಲವೋ ಎನ್ನುವುದು ಯಾವ ಪ್ರಾಣಿ, ಎಂಥ ಹವೆ, ಯಾರ ಉಪಯೋಗಕ್ಕೆ ಎಂಬುದರ ಮೇಲೆ ಹೋಗುತ್ತದೆ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ನಮೀಬಿಯಾದಿಂದ ಎಂಟು ಚೀತಾ ಬಂದವು, ಮುಂದಿನ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು. ಅಲ್ಲಿ ಜೂನ್ ಎಂದರೆ ಚಳಿಗಾಲ. ಇಲ್ಲಿ ಮಳೆಗಾಲ. ಚೀತಾಗಳ ಮೈ ಇನ್ನೂ ಆಫ್ರಿಕಾದ ಲೆಕ್ಕದಲ್ಲೇ ಇತ್ತು. ಚಳಿಗೆಂದು ದಪ್ಪ ತುಪ್ಪಳ ಬೆಳೆಯಿತು. ಮೇಲೆ ಮಳೆ, ಕುತ್ತಿಗೆಗೆ ಪಟ್ಟಿ. 2023ರ ಮಳೆಗಾಲದಲ್ಲಿ ಕೆಲವು ಚೀತಾಗಳ ಕುತ್ತಿಗೆಯಲ್ಲಿ ಗಾಯವಾಗಿ ಹುಳ ಬಿದ್ದವು, ನಂಜೇರಿ ಸತ್ತವು. ಉಳಿದವನ್ನು ಹಿಡಿದು ಪಟ್ಟಿ ಬಿಚ್ಚಿ ಚಿಕಿತ್ಸೆ ಮಾಡಬೇಕಾಯಿತು. ತಂತ್ರಜ್ಞಾನವನ್ನು ತಂದವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆನೆಯ ವಿಷಯ ಬೇರೆ. ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಮಂಜಿನಲ್ಲಿ ಆನೆಗೆ ಎದುರಾಗಿ ಸಾಯುತ್ತಾರೆ. ಹಿಂಡಿನ ಒಂದು ಹೆಣ್ಣಾನೆಗೆ ಕಾಲರ್ ಇದ್ದರೆ ಇಡೀ ಹಿಂಡು ಎಲ್ಲಿದೆ ಎಂದು ತಿಳಿಯುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಮೈಸೂರಿನದೇ ಆದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ತಮಿಳುನಾಡಿನ ವಾಲ್ಪಾರೈನಲ್ಲಿ ಕಾಲರ್‌ಗಿಂತ ಸರಳ ದಾರಿ ಹಿಡಿಯಿತು. ಆನೆ ಎಲ್ಲಿದೆ ಎಂದು ಎಸ್ಸೆಮ್ಮೆಸ್, ಲೋಕಲ್ ಟೀವಿಯಲ್ಲಿ ಒಂದು ಸಾಲು, ದಾರಿಯಲ್ಲಿ ಮೊಬೈಲಿನಿಂದಲೇ ಹೊತ್ತಿಸುವ ಕೆಂಪು ದೀಪ. ಸುಧಾರಿಸಿಕೊಂಡು ನಡೆಯಬೇಕಾದವನು ಮನುಷ್ಯ, ಆನೆ ತನ್ನ ದಾರಿಯಲ್ಲಿ ಹೋಗುತ್ತದೆ. ಈ ಬಗೆಯ ತಂತ್ರಜ್ಞಾನ ನನಗೆ ಇಷ್ಟ. ಇದಕ್ಕೆ ಬೇಕಾದ ಫೋನು ಹಳೇ ಬಟನ್ ಫೋನು.

ಹಾಗಾದ್ರೆ ದಸರಾಕ್ಕೂ ಯಂತ್ರದ ಆನೆ ತರಬೇಕು ಅಂತೀರಾ?

ಮೈಸೂರಿನವಳಿಗೆ ಇದನ್ನು ಹೇಳುವುದು ಸುಲಭವಲ್ಲ. ಅರ್ಜುನ ಎಂಟು ಸಲ 750 ಕೆ.ಜಿ.ಯ ಅಂಬಾರಿ ಹೊತ್ತವನು. ನಾವು ರಸ್ತೆ ಬದಿ ನಿಂತು ಕೈ ಮುಗಿದವರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತ. ವಯಸ್ಸು ಅರವತ್ತು ದಾಟಿತ್ತು. ಅಂಬಾರಿ ಹೊರಲು ವಯಸ್ಸಾಯಿತು ಎಂದು ಬಿಟ್ಟವನನ್ನು ಕಾದಾಟಕ್ಕೆ ಯಾಕೆ ಕರೆದುಕೊಂಡು ಹೋದರು ಎಂದು ಅವತ್ತು ನಮ್ಮ ಬೀದಿಯ ಹೆಂಗಸರೆಲ್ಲ ಕೇಳಿಕೊಂಡರು.

ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪಿಳ್ಳಿ ಶ್ರೀಕೃಷ್ಣ ದೇವಸ್ಥಾನದಲ್ಲಿ 2023ರಿಂದ ಯಂತ್ರದ ಆನೆ ಉತ್ಸವ ನಡೆಸುತ್ತದೆ. ಪಟಾಕಿ, ಚೆಂಡೆ, ಟಾರು ರಸ್ತೆ, ಸರಪಳಿ ಯಾವುದೂ ಅದಕ್ಕೆ ನೋವಲ್ಲ. ಚಿಕ್ಕ ದೇವಸ್ಥಾನಗಳಿಗೆ, ಮದುವೆ ಮೆರವಣಿಗೆಗೆ ಅದೇ ಸರಿ ಎಂದು ಖಂಡಿತ ಹೇಳುತ್ತೇನೆ. ದಸರಾ ಬಗ್ಗೆ ನನ್ನ ಬೇಡಿಕೆ ಚಿಕ್ಕದು. ಅಂಬಾರಿಯ ಭಾರ ಇಳಿಸಿ, ಆನೆಗಳು ಕಾಡಂಚಿನ ಕ್ಯಾಂಪಿಗೆ ಬೇಗ ಮರಳಲಿ, ವಯಸ್ಸಾದವಕ್ಕೆ ನಿಜವಾದ ನಿವೃತ್ತಿ ಕೊಡಿ.

ಇದಕ್ಕೆಲ್ಲ ಕಾನೂನು ಇದೆಯಲ್ಲ, ಅದು ಸಾಲದಾ?

ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಪ್ರಾಣಿಯನ್ನು ಹೊಡೆದು, ಉಪವಾಸ ಕೆಡವಿ, ಹೊರಲಾರದ ಭಾರ ಹೊರಿಸಿದವರಿಗೆ ಮೊದಲ ಸಲ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅವತ್ತಿನ ಐವತ್ತು ರೂಪಾಯಿಗೆ ಬೆಲೆ ಇತ್ತು. ಇವತ್ತಿಗೂ ಅದೇ ಐವತ್ತು. ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲಿದೆ. ಹಾಗಾಗಿ ಠಾಣೆಗೆ ಹೋದಾಗ ಆ ಕಲಂ ಹೆಸರು ಹೇಳಿ ದೂರು ಬರೆಸಿ. ಸಾಯದೆ, ಊನವಾಗದೆ, ದಿನವೂ ನರಳುವ ಪ್ರಾಣಿಗೆ ಮಾತ್ರ ಐವತ್ತು ರೂಪಾಯಿಯ ರಕ್ಷಣೆ.

ದಂಡ ಹೆಚ್ಚಿಸುವ ತಿದ್ದುಪಡಿಯ ಕರಡು 2022ರಲ್ಲಿ ಜನರ ಮುಂದೆ ಬಂತು. ನಾನೂ ಒಂದು ಕಾಗದ ಬರೆದೆ. ಈ ಸಲ ನಮ್ಮ ಬೀದಿಯ ಹದಿನಾಲ್ಕು ಮನೆಯವರು ಸಹಿ ಹಾಕಿದ ಇನ್ನೊಂದು ಕಾಗದ ಮೇಜಿನ ಮೇಲಿದೆ. ನಾಯಿಗೆ ಅನ್ನ ಹಾಕಬೇಡಿ ಎಂದು ನನ್ನ ಜೊತೆ ಜಗಳವಾಡಿದ ಎದುರು ಮನೆಯವರ ಸಹಿಯೂ ಅದರಲ್ಲಿದೆ. ಸೋಮವಾರ ಪೋಸ್ಟ್ ಮಾಡುತ್ತೇನೆ.